ಹಿಂದೆ ಕೂರುವವನು

“ಕೂತು ನೋಡಿ ಸಾರ್,” ಎಂದ ಹಳೆ ಮೋಟರ್ ಸೈಕಲ್ ಮಾರುವ ಅಂಗಡಿಯವ. ಕೊಳ್ಳಲು ಬಂದವನು ಕಾಲೆತ್ತಿ ಹಾಕಿ ಕೂತ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎದುರು ನೋಡಿದ. ಎದುರಿಗೆ ಖಾಲಿ ಸೀಟು, ಅದರಾಚೆ ಹ್ಯಾಂಡಲ್, ಅದರಾಚೆ ಅಂಗಡಿಯವನ ತೆರೆದ ಬಾಯಿ.

“ಭಾವಾ, ಮುಂದೆ! ಮುಂದೆ ಕೂತ್ಕೊಳ್ಳಿ!” ಹೆಂಡತಿಯ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವನೂ ನಕ್ಕು ಮುಂದಕ್ಕೆ ಜರುಗಿದ. ಮದುವೆಯಾದಾಗಿನಿಂದ ಹೆಂಡತಿಯ ಸ್ಕೂಟರಿನ ಹಿಂದೆಯೇ ಕೂತ ಮೈ, ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತ್ತು, ಅಷ್ಟೆ. ಅವನಿಗೆ ಚುಚ್ಚಿದ್ದು ಬೇರೆ. ಹೆಂಡತಿ ನಗಲಿಲ್ಲ. ಮೊದಲಾಗಿದ್ದರೆ ಎಲ್ಲರಿಗಿಂತ ಮುಂಚೆ ನಗುವವಳು ಅವಳೇ. ಈಗ ಬಾಗಿಲ ಹತ್ತಿರ ನಿಂತು, ಸಾಮಾನು ಸಾಗಿಸುವ ವ್ಯಾನಿನವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು.

“ಹೂಂ, ಇವತ್ತು ಸಂಜೆನೇ. ಒಂದು ಮಂಚ, ಒಂದು ಬೀರು, ಸ್ಕೂಟರು. ಇಲ್ಲ ಇಲ್ಲ, ಒಬ್ಳೇ ಹೋಗ್ತಿರೋದು.”

ಅವಳಿಗೆ ಬೇರೆ ಊರಿಗೆ ವರ್ಗವಾಗಿತ್ತು. ಆಗಿಹೋಯಿತು ಎಂದು ಅವಳು ಹೇಳಿದ್ದಳು. ಕೇಳಿ ಹಾಕಿಸಿಕೊಂಡದ್ದು ಎಂದು ಅವಳ ತಮ್ಮ ಬಾಯಿತಪ್ಪಿ ಹೇಳಿಬಿಟ್ಟಿದ್ದ. ಅವನು ಕೇಳಿಸಿಕೊಳ್ಳದವನ ಹಾಗೆ ಇದ್ದುಬಿಟ್ಟ. ಮಾರನೆಯ ದಿನ ಊಟಕ್ಕೆ ಕೂತಾಗ, “ಭಾನುವಾರ ಭಾನುವಾರ ಬಸ್ಸಿಗೆ ಬರ್ತೀನಿ,” ಎಂದ.

“ಬಸ್‌ಸ್ಟ್ಯಾಂಡಿಂದ ಮನೆಗೆ?”

“ನೀನು ಬರ್ತೀಯಲ್ಲ, ಸ್ಕೂಟರಲ್ಲಿ.”

ಅವಳು ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. “ನಿಮ್ಮನ್ನ ಹೊತ್ತೂ ಹೊತ್ತೂ ನಂಗೆ ಸಾಕಾಗಿದೆ ಕಣ್ರೀ,” ಎಂದಳು. ಕೋಪವಿರಲಿಲ್ಲ. ಕೋಪವಾದರೂ ಇದ್ದಿದ್ದರೆ ಚೆನ್ನಾಗಿತ್ತು. ಬೇರೆಯವರ ಮುಂದೆ ಮಾತ್ರ ‘ನೀವು’ ಎನ್ನುತ್ತಿದ್ದವಳು ಅಂದಿನಿಂದ ಮನೆಯೊಳಗೂ ‘ನೀವು’ ಎನ್ನತೊಡಗಿದಳು.

ಹಾಗಾದರೆ ನಾನೇ ಒಂದು ಮೋಟರ್ ಸೈಕಲ್ ತಗೋತೀನಿ, ಓಡಿಸಿಕೊಂಡೇ ಬರ್ತೀನಿ ಎಂದಿದ್ದ ಅವನು. ಅವಳು ಬೇಡ ಅನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಬಾ ಎಂಬ ಆ ಒಂದು ಮಾತನ್ನು ಸಂಜೆ ವ್ಯಾನು ಹೊರಡುವುದರೊಳಗೆ ಅವಳ ಬಾಯಿಂದ ಕೇಳಬೇಕಿತ್ತು. ಗಾಡಿ ಕೊಳ್ಳುವುದಕ್ಕಿಂತ ಕಷ್ಟದ ಕೆಲಸ ಅದು.

ಅವನ ಉದ್ಯೋಗ ಯಂತ್ರಗಳ ಕೈಪಿಡಿ ಬರೆಯುವುದು. ಮಿಕ್ಸಿ, ನೀರಿನ ಪಂಪು, ಹೊಲಿಗೆ ಯಂತ್ರ. ಒಂದು ಮೋಟರ್ ಸೈಕಲ್ಲಿಗೂ ಬರೆದಿದ್ದ: ‘ಕ್ಲಚ್ಚನ್ನು ಮೃದುವಾಗಿ ಬಿಡಿ.’ ಎಷ್ಟು ಮೃದುವಾಗಿ ಎಂದು ಯಾವ ಓದುಗನೂ ಕೇಳಿರಲಿಲ್ಲ, ಪುಣ್ಯಕ್ಕೆ. ಈಚೆಗೆ ಭಾಮೈದನ ಗಾಡಿಯಲ್ಲಿ ಕಲಿಯಲು ಮೈದಾನಕ್ಕೆ ಹೋದಾಗ ಅದರ ಬಿಸಿ ತಟ್ಟಿತ್ತು. ಅವನು ಕ್ಲಚ್ ಬಿಟ್ಟಾಗಲೆಲ್ಲ ಎಂಜಿನ್ ಒಮ್ಮೆ ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಹೋದ ಪುಟ್ಟ, ಬಂದ ಪುಟ್ಟ. ಕಲಿಯುವವರ ಲೈಸೆನ್ಸ್ ಮಾತ್ರ ಜೇಬಿನಲ್ಲಿ ಭದ್ರವಾಗಿತ್ತು.

ಆಫೀಸಿನಲ್ಲಿ ಅವನನ್ನು ‘ಪಾರ್ಸಲ್’ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಹೆಂಡತಿ ಗೇಟಿನ ಮುಂದೆ ಇಳಿಸಿ ಹೋಗುತ್ತಿದ್ದಳಲ್ಲ, ಅದಕ್ಕೆ. ಮನೆಯಿಂದ ಹೊರಡುವಾಗ ಅವಳು ಹಿಂದೆ ನೋಡದೆಯೇ “ಕೂತಾಯ್ತಾ?” ಎನ್ನುತ್ತಿದ್ದಳು; ಅವನು “ಹೂಂ” ಎನ್ನುತ್ತಿದ್ದ. ಲೆಕ್ಕ ಹಾಕಿದರೆ, ಇಬ್ಬರ ನಡುವೆ ತಪ್ಪದೆ ನಡೆದುಬಂದ ಮಾತುಕತೆ ಅದೊಂದೇ. ಈಚೆಗೆ ಅವಳು ಕೇಳದೆಯೇ ಹೊರಡುತ್ತಿದ್ದಳು, ಅವನೇ ಅವಸರದಲ್ಲಿ ಕಂಬಿ ಹಿಡಿದುಕೊಳ್ಳುತ್ತಿದ್ದ.

“ಯಾತಕ್ಕೆ ಸಾರ್ ಗಾಡಿ?” ಅಂಗಡಿಯವ ಕೇಳಿದ. “ಆಫೀಸಿಗೋ, ದೂರ ಹೋಗೋದಕ್ಕೋ?”

ಅವನು ಹೆಂಡತಿಯ ಕಡೆ ನೋಡಿದ. ಅವಳು ಯಾವುದೋ ಗಾಡಿಯ ಟೈರು ನೋಡುತ್ತಿದ್ದಳು.

“ನೋಡೋಣ,” ಎಂದ.

“ನೋಡೋಣ ಅಂದ್ರೆ ಏನಂತ ತೋರಿಸ್ಲಿ ಸಾರ್?”

ಭಾಮೈದನ ಕಣ್ಣು ಒಂದು ಕೆಂಪು ಗಾಡಿಯ ಮೇಲೆ ಬಿದ್ದಿತ್ತು. “ಭಾವಾ, ಇದು ತಗೊಳ್ಳಿ. ಹುಲಿ ಇದು, ಹುಲಿ!” ಹುಲಿಯ ಮೇಲೆ ಕೂತಾಗ ಅವನ ಕಾಲು ನೆಲಕ್ಕೆ ಎಟುಕಲಿಲ್ಲ. ಹೆಬ್ಬೆರಳು ತಾಗಿತು, ಅದೂ ಶೂ ಹಾಕಿದ್ದರಿಂದ.

ಹೆಂಡತಿ ಮೂಲೆಯಲ್ಲಿದ್ದ ಸಣ್ಣ ಗಾಡಿಯ ಹ್ಯಾಂಡಲ್ ಹಿಡಿದು ಅಲುಗಿಸಿದಳು. “ಕಲಿಯೋರಿಗೆ ಇಂಥದ್ದೇ ಸರಿ. ಹಗುರ ಇದೆ. ಬಿದ್ರೂ ಒಬ್ರೇ ಎತ್ಕೋಬಹುದು.”

“ಎತ್ತು ಏರಿಗೆ, ಕೋಣ ನೀರಿಗೆ ಆಯ್ತಲ್ಲ,” ಎಂದು ಅಂಗಡಿಯವ ತಲೆ ಕೆರೆದುಕೊಂಡ. “ನಿಮ್ಗೆ ಯಾವ್ದು ಇಷ್ಟ, ಅದು ಹೇಳಿ ಸಾರ್.”

ನಿಮಗೆ ಯಾವುದು ಇಷ್ಟ. ಹಾಗೆ ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಹೆಂಡತಿ ಹೇಳಿದ್ದು ಸರಿಯಾದ ಮಾತು. ಅವಳದ್ದು ಯಾವತ್ತೂ ಸರಿಯಾದ ಮಾತೇ. ಆದರೆ ಆ ಸಣ್ಣ ಗಾಡಿಯ ಹಿಂದಿನ ಸೀಟು ಅಂಗೈಯಗಲವಿತ್ತು. ಎಂಜಿನ್ನು, ಮೈಲೇಜು, ಬ್ರೇಕು ಅವನಿಗೆ ತಿಳಿಯದು. ಹಿಂದಿನ ಸೀಟು ತಿಳಿಯುತ್ತಿತ್ತು. ಈ ಒಂದು ವಿಷಯದಲ್ಲಾದರೂ ತಾನು ಪಂಡಿತ ಎನಿಸಿ, ಒಂದೊಂದೇ ಗಾಡಿಯ ಹಿಂದಿನ ಸೀಟನ್ನು ಹಾಸಿಗೆ ಕೊಳ್ಳುವವನಂತೆ ಒತ್ತಿ ನೋಡುತ್ತಾ ಹೋದ. ಕೊನೆಗೆ ಒಂದು ಹಳೆಯ ಕಪ್ಪು ಗಾಡಿಯ ಬಳಿ ನಿಂತ. ಉದ್ದ ಸೀಟು, ಹಿಂದೆ ಹಿಡಿದುಕೊಳ್ಳಲು ಗಟ್ಟಿ ಕಂಬಿ, ಕಾಲಿಡಲು ಒಳ್ಳೆಯ ಜಾಗ.

“ಇದು.”

“ಅಯ್ಯೋ, ಭಾರ ಸಾರ್ ಅದು. ಕಲಿಯೋರಿಗೆ...”

“ಇದೇ ಇರ್ಲಿ.” ಅಷ್ಟು ಖಡಾಖಂಡಿತವಾಗಿ ಅವನು ಈವರೆಗೆ ಏನನ್ನೂ ಹೇಳಿದವನಲ್ಲ. ಹೆಂಡತಿಯತ್ತ ತಿರುಗಿ, “ಹಿಂದೆ ಕೂರೋರಿಗೆ ಆರಾಮ,” ಎಂದ.

“ಹಿಂದೆ ಯಾರು ಕೂರ್ತಾರೆ?”

ಕುಹಕವಿರಲಿಲ್ಲ ಅದರಲ್ಲಿ. ನಿಜಕ್ಕೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು.

ಮನೆಗೆ ಗಾಡಿ ಓಡಿಸಿಕೊಂಡು ಬಂದವನು ಭಾಮೈದ. ಕೊಂಡವನು ಹಿಂದೆ ಕೂತ. ಸೀಟು ಅವನೆಣಿಸಿದಷ್ಟೇ ಆರಾಮವಾಗಿತ್ತು.

ಮುಂದೆ ಹೆಂಡತಿಯ ಸ್ಕೂಟರು ಹೋಗುತ್ತಿತ್ತು. ಇಷ್ಟು ವರ್ಷ ಅವಳ ಬೆನ್ನನ್ನು ಒಂದು ಗೇಣಿನಿಂದ ನೋಡಿದ್ದನೇ ಹೊರತು ಹೀಗೆ ದೂರದಿಂದ ನೋಡಿರಲಿಲ್ಲ. ಅವನು ಹಿಂದಿದ್ದಾಗ ತಿರುವುಗಳಲ್ಲಿ ಕಾಲು ಕೆಳಗಿಟ್ಟು ತಡವರಿಸುತ್ತಿದ್ದವಳು ಈಗ ಬಸ್ಸು ಲಾರಿಗಳ ನಡುವೆ ಸಲೀಸಾಗಿ ನುಸುಳಿ ಹೋದಳು. ಬಲಕ್ಕೆ ತಿರುಗುವಾಗ ಮೈಯನ್ನೂ ಬಾಗಿಸಿದಳು. ಖುಷಿಯಾಗಿದ್ದಾಳೆ ಎಂದುಕೊಂಡ. ಅವಳ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದ, ಬರಲಿಲ್ಲ. ಸುಸ್ತು ಮಾತ್ರ ಬಂತು.

“ಅಕ್ಕ ಸಖತ್ತಾಗಿ ಓಡಿಸ್ತಾಳಲ್ವಾ ಭಾವ?”

“ಹೂಂ.”

“ನೀವೂ ಕಲೀತೀರ ಬಿಡಿ. ಏನ್ ಮಹಾ!”

“ಹೂಂ.”

ಅವರಿದ್ದ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಭಾಮೈದ ಉಸಿರು ಬಿಗಿಹಿಡಿದು ಗಾಡಿಯನ್ನು ಎಳೆದು ಡಬಲ್ ಸ್ಟ್ಯಾಂಡ್ ಹಾಕಿದ. ಹಿಂದಿನ ಚಕ್ರ ನೆಲ ಬಿಟ್ಟು ನಿಂತಿತು. ಮುಂದೊಂದು ಹಿಂದೊಂದು ಕೆಂಪು ‘ಎಲ್’ ಅಂಟಿಸಿದ. ಅವನು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲು ಒಮ್ಮೆ ತಳ್ಳಿ ನೋಡಿದ. ಅದು ಅಲುಗಲಿಲ್ಲ.

“ಬೇಡ ಭಾವ, ಮೈಮೇಲೆ ಹಾಕ್ಕೊಂಡೀರಿ. ನಾಳೆ ನಾನೇ ಬಂದು ಇಳಿಸಿಕೊಡ್ತೀನಿ.”

ಸಂಜೆ ವ್ಯಾನು ಬಂತು. ಮಂಚ ಹೋಯಿತು, ಬೀರು ಹೋಯಿತು. ಅವನು ಕೈ ಹಚ್ಚಲು ಹೋದರೆ ಹೊರುವವರು “ನೀವು ಬಿಡಿ ಸಾರ್,” ಎಂದರು. ಸ್ಕೂಟರನ್ನು ಹಗ್ಗ ಹಾಕಿ ಕಟ್ಟಿದರು. ಭಾಮೈದ ಅಕ್ಕನಿಗೆ ಟಾಟಾ ಮಾಡಿ ತನ್ನ ಮನೆಗೆ ಹೊರಟುಹೋದ. ಹೆಂಡತಿ ಕೊನೆಯ ಬ್ಯಾಗು ಹಿಡಿದು ಮೆಟ್ಟಿಲಿಳಿದು ಬಂದಳು. ಅವನು ಗಾಡಿಯ ಪಕ್ಕ ನಿಂತಿದ್ದ.

“ಒಂದ್ಸಲ ಕೂತು ನೋಡು.”

“ಎಲ್ ಇರೋರು ಹಿಂದೆ ಯಾರನ್ನೂ ಕೂರಿಸ್ಕೊಳ್ಳೋ ಹಾಗಿಲ್ಲ ರೀ.”

“ಸ್ಟ್ಯಾಂಡ್ ಹಾಕಿದೆಯಲ್ಲ. ಎಲ್ಲಿಗೂ ಹೋಗಲ್ಲ.”

ಅವಳು ಸಣ್ಣಗೆ ನಕ್ಕಳು. ಬೆಳಗಿನಿಂದ ಅದೇ ಮೊದಲು. ಬ್ಯಾಗನ್ನು ಕೆಳಗಿಟ್ಟಳು. ಅವನು ಮುಂದೆ ಕೂತ ಮೇಲೆ, ಅವನ ಭುಜ ಮುಟ್ಟದೆ, ಕಂಬಿ ಹಿಡಿದುಕೊಂಡು ಹತ್ತಿದಳು. ಅವಳ ಭಾರಕ್ಕೆ ಹಿಂದಿನ ಚಕ್ರ ನೆಲಕ್ಕೆ ಕೂತು ಮುಂದಿನದು ಮೇಲೆದ್ದಿತು. ಹ್ಯಾಂಡಲ್ ಹೂವಿನಷ್ಟು ಹಗುರವಾಯಿತು. ಒಂದೇ ಬೆರಳಿನಲ್ಲಿ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಇಷ್ಟೇನಾ, ಇಷ್ಟಕ್ಕಾ ಇಷ್ಟು ವರ್ಷ ಹೆದರಿ ಸತ್ತದ್ದು ಎನಿಸಿತು.

“ಎಲ್ಲಿಗೆ ಬಂದ್ವಿ?” ಎಂದಳು. ಹಳೆಯ ದನಿ ಅದು.

“ನಿನ್ನ ಊರಿಗೆ.”

ಕನ್ನಡಿಯಲ್ಲಿ ಅವಳ ಒಂದು ಕಿವಿ, ಅರ್ಧ ಕೆನ್ನೆ, ಹಿಂದಿನ ಸುಣ್ಣ ಬಿಟ್ಟ ಗೋಡೆ ಕಾಣುತ್ತಿದ್ದವು. ಈಗ ಕೇಳದಿದ್ದರೆ ಇನ್ನು ಇಲ್ಲ.

“ಭಾನುವಾರ ಬರ್ಲಾ?”

ವ್ಯಾನಿನವ ಹಾರನ್ ಹೊಡೆದ.

“ಬಂದೆ!” ಎಂದು ಕೂಗಿದಳು, ವ್ಯಾನಿನವನಿಗೆ. ಆಮೇಲೆ ಮೆಲ್ಲಗೆ, “ಮೊದ್ಲು ಕಲೀರಿ,” ಎಂದಳು.

“ಕಲಿತ ಮೇಲೆ?”

“ಗ್ಯಾಸ್ ಆಫ್ ಮಾಡಿದೀನಿ. ಹಾಲು ಫ್ರಿಜ್ಜಲ್ಲಿದೆ.” ಇಳಿದಳು.

ಮುಂದಿನ ಚಕ್ರ ದೊಪ್ಪನೆ ನೆಲಕ್ಕೆ ಬಿತ್ತು. ಹ್ಯಾಂಡಲ್ ಮತ್ತೆ ಕಲ್ಲಿನಷ್ಟು ಭಾರ. ವ್ಯಾನಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ತಿರುಗಿ ನೋಡಿದ್ದರೆ ಅವಳು ಕೈ ಬೀಸಿದ್ದು ಕಾಣುತ್ತಿತ್ತೇನೋ. ಬೀಸದಿದ್ದರೆ ಅದೂ ಕಾಣುತ್ತಿತ್ತು. ಅವನು ತಿರುಗಲಿಲ್ಲ.

ಕೀಲಿ ತಿರುಗಿಸಿ ಕಿಕ್ ಹೊಡೆದ. ಎಂಜಿನ್ ಹೊತ್ತಿಕೊಂಡಿತು. ಕ್ಲಚ್ ಹಿಡಿದು ಗೇರ್ ಹಾಕಿದ.

“ಕೂತಾಯ್ತಾ?” ಎಂದ, ಹಿಂದೆ ನೋಡದೆ.

ಕ್ಲಚ್ಚನ್ನು ಮೃದುವಾಗಿ ಬಿಟ್ಟ. ಈ ಸಲ ಎಂಜಿನ್ ಬಿಕ್ಕಳಿಸಲಿಲ್ಲ, ನಿಲ್ಲಲೂ ಇಲ್ಲ. ನೆಲ ಬಿಟ್ಟಿದ್ದ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗತೊಡಗಿತು. ಎರಡನೇ ಗೇರು. ಮೂರನೆಯದು. ಕಟ್ಟಡದ ತುಂಬ ಸದ್ದು. ಮುಂದಿನ ಚಕ್ರ ಇದ್ದಲ್ಲೇ ಇತ್ತು. ಅದನ್ನೇ ನಂಬಿಕೊಂಡಿದ್ದ ವೇಗದ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಅವನು ಎದುರಿನ ಗೋಡೆಯನ್ನೇ ದಿಟ್ಟಿಸುತ್ತಾ ಇನ್ನಷ್ಟು ಆಕ್ಸಿಲರೇಟರ್ ಕೊಟ್ಟ. ಬಲಕ್ಕೆ ತಿರುಗುವಾಗ ಮೈಯನ್ನೂ ಬಾಗಿಸಿದ.