ಕಾರೆಹಟ್ಟಿ ಜ್ವರ

ಐಮಂಗಲದ ಮೈಲಿಗಲ್ಲು ಬಸ್ಸಿನ ಕಿಟಕಿಯಾಚೆ ಸರಿದುಹೋಯಿತು, ಕೆಂಚಕ್ಕ ಮುಖ ತಿರುಗಿಸಿಕೊಂಡಳು, ಮಗಳು ಹೊನ್ನಿಗೆ ನೋಡಿದ್ದ ಗಂಡು ಇದೇ ಊರಿನವನು, ಮೊನ್ನೆಯಷ್ಟೇ ಅವನ ಅಪ್ಪ ಬಂದು ವೀಳ್ಯ ಮುರಿದು ಹೋದ, ತಪ್ಪು ತಿಳೀಬ್ಯಾಡ್ರಿ, ಹುಡುಗಿ ಚಿನ್ನದಂಥಾಕಿ, ಆದ್ರೆ ಕಾರೆಹಟ್ಟಿ ಹೆಣ್ಣು ಅಂದ್ರೆ ನಮ್ಮ ನೆಂಟ್ರು ಮನೆ ಮೆಟ್ಟಿಲು ಹತ್ತಲ್ಲ — ಎಲ್ಲ ಆ ಡಾಕ್ಟರನಿಂದ, ಅಕ್ಕಾ ಅಕ್ಕಾ ಎನ್ನುತ್ತಿದ್ದನಲ್ಲ, ಹಟ್ಟಿಗೆ ಜ್ವರ ಬಿದ್ದ ವರ್ಷ, ಕುರಿ ಕಾಯುವವರು ಮೂಗಲ್ಲಿ ರಕ್ತ ಸುರಿಸಿಕೊಂಡು ಮಲಗಿದಾಗ ಇವಳ ಜಗಲಿಯ ಮೇಲೇ ಸೂಜಿ ಸೀಸೆ ಹರವಿಕೊಂಡು ಕೂತಿದ್ದ, ಇವಳು ಬಡಿಸಿದ ಮುದ್ದೆ ನುಂಗಲು ಬಾರದೆ ನಗುತ್ತಿದ್ದ, ಸಾಯುತ್ತಿದ್ದ ಗಂಡನ ರಕ್ತ ತೆಗೆದುಕೊಳ್ಳಲಾ ಅಕ್ಕಾ ಎಂದಾಗ ಮೈದುನರು ಬೇಡವೆಂದರೂ ಇವಳೇ, ತಗಳಪ್ಪ, ನಾಕು ಜನಕ್ಕೆ ಒಳ್ಳೇದಾಗ್ತೈತೆ ಎಂದು ತೋಳು ಹಿಡಿದುಕೊಂಡಿದ್ದಳು, ಆ ರಕ್ತದಲ್ಲೇ ಸಿಕ್ಕಿತಂತೆ ಹೊಸ ರೋಗ, ಹೊಸ ರೋಗಕ್ಕೆ ಹೆಸರು ಬೇಕಂತೆ, ಇಟ್ಟ, ಕಾರೆಹಟ್ಟಿ ಜ್ವರ! ಪೇಪರಲ್ಲಿ ಬಂತು, ರೇಡಿಯೋದಲ್ಲಿ ಬಂತು, ಜ್ವರ ಹೋಯಿತು, ಹೆಸರು ಹೋಗಲಿಲ್ಲ, ಸಂತೆಯಲ್ಲಿ ಇವರ ಕುರಿ ಮುಟ್ಟುವವರಿಲ್ಲ.

ಇವತ್ತು ಮಗಳನ್ನೂ ಕರೆದುಕೊಂಡು ದುರ್ಗದಲ್ಲಿ ಆ ಡಾಕ್ಟರನ ಮನೆ ಹುಡುಕಿಕೊಂಡು ಹೋಗಿದ್ದಳು, ಆ ಹೆಸರು ತೆಗೆದುಬಿಡಪ್ಪ ಎಂದಳು, ಅವನು ಕುರ್ಚಿಯಿಂದ ಏಳಲಿಲ್ಲ, ಅದು ಪದ್ಧತಿ ಕಣಮ್ಮ, ರೋಗ ಮೊದಲು ಸಿಕ್ಕ ಊರಿನ ಹೆಸರಿಡ್ತಾರೆ, ಕೆಲವಕ್ಕೆ ಹೊಳೆ ಹೆಸರು, ಕೆಲವಕ್ಕೆ ಕಂಡುಹಿಡಿದವರ ಹೆಸರು, ಈಗ ಪುಸ್ತಕಕ್ಕೆಲ್ಲ ಹೋಗಿಬಿಟ್ಟಿದೆ — ಅಮ್ಮ ಎಂದ, ಅಕ್ಕ ಎಲ್ಲಿ ಹೋದಳು — ಕಂಡುಹಿಡಿದವರ ಹೆಸರೂ ಇಡ್ತಾರಂದ್ರೆ ನಿನ್ನ ಹೆಸರೇ ಇಡಬೇಕಿತ್ತಲ್ಲಪ್ಪ, ಎಂದಳು ಇವಳು, ಅವನು ಕನ್ನಡಕ ತೆಗೆದು ಒರೆಸಿದ, ಒರೆಸುತ್ತಲೇ ಇದ್ದ, ನನಗೂ ಹೆಣ್ಣುಮಕ್ಕಳಿದ್ದಾರಮ್ಮ, ಎಂದ.

ಹಿರಿಯೂರು ಬಂತು, ಜನ ಇಳಿದರು, ಜನ ಹತ್ತಿದರು, ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ಒತ್ತಿಕೊಂಡು ಕೂತಳು, ಕೂಸು ಕೆಂಚಕ್ಕನ ಬಳೆ ಹಿಡಿದು ಎಳೆಯಿತು, ಯಾವೂರಮ್ಮ ನಿಮ್ದು ಎಂದಳು ಅವಳು, ಮಾತಿಗೆ ಕೇಳಿದ್ದಷ್ಟೇ, ಧರ್ಮಪುರ, ಎಂದುಬಿಟ್ಟಿತು ಕೆಂಚಕ್ಕನ ಬಾಯಿ, ಗಂಡನನ್ನು ಮಣ್ಣು ಮಾಡಿದ ಕಾರೆಹಟ್ಟಿಯ ಹೆಸರನ್ನೇ ನುಂಗಿಕೊಂಡು, ಧರ್ಮಪುರ — ಹೊನ್ನಿ ತಿರುಗಿ ನೋಡಿದಳು, ಅವ್ವನ ಅಂಗೈಯೊಳಗಿದ್ದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಬಸ್ಸು ಹೊರಟಿತು, ಶೇಂಗಾ ಹೊಲ, ಜಾಲಿ, ಯಾರೋ ಬೀಡಿ ಹಚ್ಚಿದರು, ಕೂಸು ನಗುತ್ತಿದೆ, ನಗಲಿ, ಆ ಕೈ, ಒಂದೊಂದೇ ಬೆರಳು ಬಿಡಿಸಿಕೊಂಡ ಆ ಕೈ, ಕಣ್ಣು ಮುಚ್ಚಿದರೂ ಅದೇ, ಬಿಡಿಸಿಕೊಂಡ ಕೈ.