ಗಾಳದ ಚೀಲ ಹೊತ್ತವರು

ಶಹಾಪುರದ ಬಜಾರಿನಲ್ಲಿ ನೀಲಕಂಠನದು ಸ್ಟೀಲ್ ಪಾತ್ರೆಯ ಅಂಗಡಿ. ಪಾತ್ರೆ ಕೊಳ್ಳಲು ಬಂದವರು ಬರೀ ಕಣ್ಣಿನಿಂದ ನೋಡಿ ನಂಬುವುದಿಲ್ಲ, ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತಾರೆ. ಕೊಡ ಬಾರಿಸುತ್ತಾರೆ, ಪರಾತ ಬಾರಿಸುತ್ತಾರೆ, ಕೊಳ್ಳದ ಚಮಚೆಯನ್ನೂ ಬಾರಿಸುತ್ತಾರೆ. ಮದುವೆಯ ಹಂಗಾಮಿನಲ್ಲಂತೂ ಬೀಗರ ಕಡೆಯವರೆಲ್ಲ ಒಟ್ಟಿಗೆ ಬಂದು ಬಾರಿಸುವುದರಿಂದ, ಮನೆಗೆ ಹೋಗಿ ಮಲಗಿದ ಮೇಲೂ ಅವನ ಕಿವಿಯಲ್ಲಿ ಠಣ್ ಠಣ್ ನಿಲ್ಲುತ್ತಿರಲಿಲ್ಲ.

ಇಂಥವನ ಕಣ್ಣಿಗೆ ಒಂದು ದಿನ ಮೊಬೈಲಿನಲ್ಲಿ ಒಂದು ವಿಡಿಯೋ ಬಿತ್ತು. ಯಾವುದೋ ದೇಶದ ದಪ್ಪ ಮನುಷ್ಯನೊಬ್ಬ ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದ. ಮಾತಿಲ್ಲ, ಕತೆಯಿಲ್ಲ. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಮೀನು ಕೂಡ ಅವನ ತಂಟೆಗೆ ಬರುತ್ತಿರಲಿಲ್ಲ. ನೀಲಕಂಠ ಅದನ್ನು ಕೊನೆಯವರೆಗೆ ನೋಡಿ, ಮತ್ತೆ ಮೊದಲಿನಿಂದ ನೋಡಿದ.

ಅವನದು ಕೊರಳಲ್ಲಿ ಲಿಂಗ ಧರಿಸುವ ಮನೆತನ. ಮೊಟ್ಟೆ ಹಾಕಿದ ಬಿಸ್ಕತ್ತು ಸಹ ಆ ಹೊಸ್ತಿಲು ದಾಟಿರಲಿಲ್ಲ. ಆದರೆ ಮೀನು ಹಿಡಿಯುವುದು ಬೇರೆ, ತಿನ್ನುವುದು ಬೇರೆ ಎಂದು ತನ್ನ ಜೊತೆ ತಾನೇ ವಾದ ಮಾಡಿ ಅವನು ಗೆದ್ದ. ತಿನ್ನಲು ಪಕ್ಕದ ಅಂಗಡಿಯ ಇನಾಯತ ಇದ್ದನಲ್ಲ. ಟ್ರಾಕ್ಟರು, ಆಟೋಗಳ ಸೀಟಿಗೆ ರೆಗ್ಜಿನ್ ಹೊಲಿಯುವ ಇನಾಯತ ಅವನ ಬಾಲ್ಯದ ಗೆಳೆಯ. ಈ ಯೋಜನೆಯಲ್ಲಿ ತನ್ನ ಪಾಲಿನ ಕೆಲಸವೇನೆಂದು ಕೇಳಿ ತಿಳಿದು ಸಂತೋಷದಿಂದ ಒಪ್ಪಿದ.

ಆ ದಪ್ಪ ಮನುಷ್ಯ ಸುಮ್ಮನೆ ಕೂರುವುದರ ಜೊತೆಗೆ ಸಾಮಾನನ್ನೂ ಮಾರುತ್ತಿದ್ದ. ನೀಲಕಂಠ ಮೊದಲು ಗಾಳದ ಕೋಲು ತರಿಸಿದ. ಅದನ್ನು ಹಿಡಿದೇ ಕೂತರೆ ಕೈ ನೋಯುತ್ತದೆಂದು ಮೂರು ಕಾಲಿನ ಸ್ಟ್ಯಾಂಡು ತರಿಸಿದ. ಕೋಲನ್ನು ಸ್ಟ್ಯಾಂಡಿನ ಮೇಲಿಟ್ಟರೆ ಮೀನು ಕಚ್ಚಿದ್ದು ತಿಳಿಯುವುದಿಲ್ಲವೆಂದು, ಕಚ್ಚಿದಾಗ ಕೂಗುವ ಒಂದು ಡಬ್ಬಿ ಬಂತು. ಡಬ್ಬಿ ಕೂಗುವವರೆಗೆ ಕೂರಲು ಮಡಚುವ ಕುರ್ಚಿ ಬೇಕಾಯಿತು, ಕುರ್ಚಿಗೆ ನೆರಳು ಬೇಕಾಯಿತು, ನೆರಳಿಗೆಂದು ಸಂತೆಯಲ್ಲಿ ನೆಡುವಷ್ಟು ದೊಡ್ಡ ಛತ್ರಿ ಬಂತು. ಉದ್ದ ಹಿಡಿಕೆಯ ಬಲೆ, ಬಕೆಟ್ಟು, ಕೊಕ್ಕೆಗಳನ್ನಿಡಲು ಖಾನೆಖಾನೆಯ ಪೆಟ್ಟಿಗೆ ಬೇರೆ. ಹೆಂಡತಿ ನಾಗರತ್ನಾಳಿಗೆ ಭಾನುವಾರದ ವಾಕಿಂಗ್ ಎಂದು ಹೇಳಿದ್ದರಿಂದ ಇದೆಲ್ಲವೂ ಇನಾಯತನ ಅಂಗಡಿಯಲ್ಲೇ ಬೀಡುಬಿಟ್ಟಿತು.

ಕೂರಲು ಜಾಗ ಸಾಲದೆ ಬಾಗಿಲಲ್ಲಿ ಕೂತು ಹೊಲಿಯುತ್ತಿದ್ದ ಇನಾಯತ ಕೇಳಿದ, "ಏನಪಾ ಸಾಹುಕಾರ, ಮೀನ ಹಿಡ್ಯಾಕ ಹೊಂಟಿಯೋ, ಮನಿ ಖಾಲಿ ಮಾಡಾಕ ಹೊಂಟಿಯೋ?"

"ಎಲ್ಲಾ ಒಂದ ಚೀಲದಾಗ ಹಿಡಿಯುವಂಗ ಹೊಲಿ. ಹಗೂರ ಆಗ್ತದ," ಎಂದ ನೀಲಕಂಠ.

ಯಾವುದೋ ಜೀಪಿನ ಸೀಟಿಗೆ ತಂದು ಉಳಿದಿದ್ದ ಖಾಕಿ ರೆಗ್ಜಿನ್ನಿನಲ್ಲಿ ಇನಾಯತ ಆಳುದ್ದದ ಚೀಲ ಹೊಲಿದ. ಹಗುರ ಏನೂ ಆಗಲಿಲ್ಲ. ಬಿಡಿಬಿಡಿಯಾಗಿ ಎತ್ತಬಹುದಾಗಿದ್ದ ಸಾಮಾನು ಈಗ ಒಟ್ಟಾಗಿ ಎತ್ತಲು ಬಾರದಂತಾಯಿತು, ಅಷ್ಟೆ. ಆದರೆ ಬಣ್ಣದಿಂದಲೋ ಹೊಲಿಗೆಯಿಂದಲೋ, ಚೀಲಕ್ಕೆ ಸರಕಾರಿ ಕಳೆ ಬಂದುಬಿಟ್ಟಿತ್ತು.

ವನದುರ್ಗದ ಕಡೆಯ ಒಂದು ಕೆರೆಯನ್ನು ಇಬ್ಬರೂ ಗೊತ್ತು ಮಾಡಿಕೊಂಡರು. ನೀಲಕಂಠನ ಕಾರು ಕೆರೆಯ ಏರಿಯ ಬುಡದವರೆಗೆ ಹೋಗುತ್ತಿತ್ತು. ಅಲ್ಲಿಂದ ಆಚೆ ದಂಡೆಯ ಬೇವಿನ ಮರದವರೆಗೆ ಏರಿಯ ಮೇಲೆ ನಡೆಯಬೇಕು. ಚೀಲದ ಒಂದು ತುದಿ ನೀಲಕಂಠನ ಹೆಗಲ ಮೇಲೆ, ಇನ್ನೊಂದು ಇನಾಯತನ ಹೆಗಲ ಮೇಲೆ. ಒಬ್ಬ ಗಿಡ್ಡ, ಒಬ್ಬ ಉದ್ದ ಆದ್ದರಿಂದ ಭಾರವೆಲ್ಲ ಗಿಡ್ಡ ನೀಲಕಂಠನ ಮೇಲೇ ಜಾರುತ್ತಿತ್ತು. ಚೀಲದಲ್ಲಿ ಹಿಡಿಸದ ಛತ್ರಿ, ಕುರ್ಚಿ, ಬಕೆಟ್ಟಿಗೆ ಮತ್ತೊಂದು ಸುತ್ತು. ಎಲ್ಲವನ್ನೂ ಹೊತ್ತು, ಬಿಚ್ಚಿ, ಜೋಡಿಸಿ, ನೆಟ್ಟು ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದು, ಮತ್ತೆ ಕಳಚಿ ಕಟ್ಟುವ ಹೊತ್ತಾಗುತ್ತಿತ್ತು. ಭಾನುವಾರದ ಶಾಂತಿಯನ್ನು ಹುಡುಕಿ ಹೋದವನು ಸೋಮವಾರ ಬೆನ್ನಿಗೆ ಮುಲಾಮು ಹಚ್ಚಿಕೊಂಡು ಅಂಗಡಿಯ ಗಲ್ಲೆಯ ಮೇಲೆ ಕೂರುತ್ತಿದ್ದ. ಗಾಲಿಯ ಗಾಡಿಯೊಂದನ್ನೂ ತರಿಸಿದ್ದಾಯಿತು. ಅದು ಏರಿಯ ಕೆಸರಿನಲ್ಲಿ ಹೂತುಕೊಂಡಿತು. ಆ ದಿನ ಗಾಡಿಯನ್ನೂ ಹೊರಬೇಕಾಯಿತು.

ಹೀಗೆ ಒಂದು ಭಾನುವಾರ ಇಬ್ಬರೂ ಏರಿಯ ಮೇಲೆ ಏದುಸಿರು ಬಿಡುತ್ತ ನಿಂತಿದ್ದಾಗ ಬಿಳಿ ಅಂಗಿಯ ಒಬ್ಬಾತ ಬೈಕು ನಿಲ್ಲಿಸಿದ.

"ಇವ ಮಹಾದೇವಪ್ಪ," ಇನಾಯತ ಪಿಸುಗುಟ್ಟಿದ. "ಪಂಚಾಯ್ತಿ ಮೆಂಬರ. ಈ ಕೆರಿ ಮೀನಿನ ಗುತ್ತಿಗಿ ಇವಂದ. ಗಾಳ ಅಂದಿ ಅಂದ್ರ ಚೀಲಾನ ಕಸಗೋತಾನ."

ಮಹಾದೇವಪ್ಪ ಖಾಕಿ ಚೀಲವನ್ನು ನೋಡಿದ. ಚೀಲದ ಬಾಯಿಂದ ಇಣುಕುತ್ತಿದ್ದ ಮೂರು ಕಾಲುಗಳನ್ನು ನೋಡಿದ. ನೀಲಕಂಠನ ಅಗಲ ಟೊಪ್ಪಿಗೆ, ಕಪ್ಪು ಕನ್ನಡಕಗಳನ್ನು ನೋಡಿದ.

"ಯಾವ ಇಲಾಖೆದವ್ರರಿ ತಾವು?"

ನೀಲಕಂಠ ಲೆಕ್ಕ ಹಾಕಿದ. ಪಾತ್ರೆ ಅಂಗಡಿಯ ಲಿಂಗವಂತ ಮೀನು ಹಿಡಿಯಲು ಬಂದಿದ್ದಾನೆಂದರೆ ಸುದ್ದಿ ತನಗಿಂತ ಮೊದಲೇ ಶಹಾಪುರ ಮುಟ್ಟುತ್ತದೆ. "ಸರ್ವೆ," ಎಂದುಬಿಟ್ಟ.

ಆ ಒಂದೇ ಮಾತು ಸಾಕಾಯಿತು. ಮಹಾದೇವಪ್ಪ ಬೈಕನ್ನು ಅಲ್ಲೇ ಬಿಟ್ಟು ಓಡಿಬಂದು ಚೀಲಕ್ಕೆ ಹೆಗಲು ಕೊಟ್ಟ. "ಅಯ್ಯ, ತಾವ್ಯಾಕ ಹೊರ್ತೀರಿ ಸಾಹೇಬ್ರ? ನಾವೇನು ಸತ್ತೀವೇನ್ರಿ? ಬಿಡ್ರಿ, ಬಿಡ್ರಿ!"

ಬರಿಗೈಯಲ್ಲಿ ಏರಿಯ ಮೇಲೆ ನಡೆದದ್ದು ನೀಲಕಂಠನಿಗೆ ಅದೇ ಮೊದಲು. ಕೆರೆಯಲ್ಲಿ ನೀರು ಇದೆ, ನೀರಿನ ಮೇಲೆ ಬೆಳ್ಳಕ್ಕಿ ಇದೆ, ಗಾಳಿ ಬೀಸುತ್ತದೆ ಎಂಬುದೆಲ್ಲ ಅವನಿಗೆ ಆ ದಿನವೇ ಗೊತ್ತಾಯಿತು. ಸುಳ್ಳು ಹೇಳಿದ್ದಕ್ಕೆ ಮನಸ್ಸು ಚುಚ್ಚಿತು, ನಿಜ. ಆದರೆ ಬೆನ್ನು ನೋಯುತ್ತಿರಲಿಲ್ಲ. ಚುಚ್ಚುವ ಮನಸ್ಸಿಗಿಂತ ನೋಯದ ಬೆನ್ನು ದೊಡ್ಡದೆಂದು ಅವನಿಗೆ ತೋರಿತು.

ಮುಂದಿನ ಭಾನುವಾರ ಏರಿಯ ಬುಡದಲ್ಲಿ ಜನ ಕಾಯುತ್ತಿದ್ದರು. ಒಬ್ಬ ಛತ್ರಿ ಎತ್ತಿದ, ಒಬ್ಬ ಕುರ್ಚಿ ಎತ್ತಿದ. ಖಾಲಿ ಬಕೆಟ್ಟಿಗೆ ಇಬ್ಬರು ಜಗಳಾಡಿದರು. ಮಹಾದೇವಪ್ಪ ಮಾತ್ರ ಖಾಕಿ ಚೀಲವನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಮರದ ಕೆಳಗೆ ಚಹಾ ಬಂತು, ಮಿರ್ಚಿ ಭಜಿ ಬಂತು. ನೀಲಕಂಠ ಕುರ್ಚಿಯಲ್ಲಿ ಕೂತ. ಅವನ ಸುತ್ತ ಊರೇ ಕೂತಿತು.

ತನ್ನ ತಪ್ಪು ಅವನಿಗೆ ಆಗ ತಿಳಿಯಿತು. ಸಾಮಾನು ಹೊರುವವರು ಬಂದರು, ಆದರೆ ಹೊತ್ತು ತಂದವರು ಹೋಗಲೊಲ್ಲರು. ಒಬ್ಬನಿಗೆ ಕಾಲುವೆಯ ನೀರು ಹೊಲದ ಕೊನೆ ಮುಟ್ಟುತ್ತಿರಲಿಲ್ಲ, ಇನ್ನೊಬ್ಬನಿಗೆ ಪಹಣಿಯಲ್ಲಿ ಅಣ್ಣನ ಹೆಸರು ಬಂದಿತ್ತು. ಎಲ್ಲರೂ ಒಟ್ಟಿಗೆ ಹೇಳಿದರು. ಸ್ಟೀಲ್ ಕೊಡಗಳೇ ಎಷ್ಟೋ ವಾಸಿ ಎನ್ನಿಸಿತು ಅವನಿಗೆ. ಗಾಳವನ್ನಾದರೂ ಹಾಕೋಣವೆಂದರೆ ಸರ್ವೆ ಸಾಹೇಬರು ಮೀನು ಹಿಡಿಯುವಂತಿಲ್ಲ. ಕೊನೆಗೆ ದಾರಕ್ಕೆ ಕೊಕ್ಕೆಯಿಲ್ಲದೆ ಬರೀ ಸೀಸದ ಗುಂಡು ಕಟ್ಟಿ ನೀರಿಗೆ ಎಸೆದ.

"ಆಳ ನೋಡಾಕತ್ತಾರ," ಎಂದು ಮಹಾದೇವಪ್ಪ ಜನರಿಗೆ ವಿವರಿಸಿದ.

"ಇನ್ನ ನಾ ಭಜಿ ತಿಂದ ದಿನಾ ಕಳೀಬೇಕೇನು?" ಎಂದು ಇನಾಯತ ನೀಲಕಂಠನ ಕಿವಿಯಲ್ಲಿ ಕೇಳಿದ.

ಸೀಸದ ಗುಂಡು ಹಾಗೆ ಮುಳುಗಿ ಮೇಲೆ ಬರುವಷ್ಟರಲ್ಲಿ ಊರಿನಲ್ಲಿ ಸರ್ವೆ ಬೆಳೆಯಿತು. ಏರಿ ಎತ್ತರಿಸುತ್ತಾರಂತೆ, ಕೆರೆ ಹಿಗ್ಗುತ್ತದಂತೆ, ದಂಡೆಯ ಗದ್ದೆಗಳು ಮುಳುಗುತ್ತವಂತೆ. ಯಾರ ಗದ್ದೆ ಮುಳುಗಬೇಕು, ಯಾರದು ಉಳಿಯಬೇಕು ಎಂಬುದನ್ನು ತಾನು ಸಾಹೇಬರಿಗೆ ಹೇಳಿ ಸರಿಮಾಡುತ್ತೇನೆಂದು ಮಹಾದೇವಪ್ಪ ಹೋಟೆಲಿನಲ್ಲಿ ಕೂತು ಭರವಸೆ ಹಂಚುತ್ತಿದ್ದ. ಇದಾವುದೂ ನೀಲಕಂಠನಿಗೆ ಗೊತ್ತಿರಲಿಲ್ಲ.

ಅದರ ಮುಂದಿನ ಭಾನುವಾರವೂ ಮಹಾದೇವಪ್ಪ ಮತ್ತು ಊರಿನವರು ಸುತ್ತ ನೆರೆದು ಭಜಿ ತಿನ್ನುತ್ತಿದ್ದರು. ನೀಲಕಂಠ ಸ್ಟ್ಯಾಂಡು ನೆಡುತ್ತಿದ್ದಾಗ ದಂಡೆಯ ಗದ್ದೆಯಿಂದ ದೇವಕ್ಕ ಎಂಬ ಹೆಂಗಸು ಕುಡುಗೋಲು ಹಿಡಿದೇ ಬಂದಳು. ಬಂದವಳೇ ಸ್ಟ್ಯಾಂಡನ್ನು ಕಿತ್ತು ನೀರಿಗೆ ಒಗೆದಳು.

"ನನ್ನ ಗದ್ದಿ ಬದುವಿಗಿ ಗೂಟ ಬಡೀತೀರೇನು? ಮಹಾದೇವಪ್ಪಂದು ಉಳಿತೈತಂತ, ನಂದು ಮುಳುಗ್ತೈತಂತ! ವಾರ ಆತು ಕಣ್ಣ ಮುಚ್ಚಿಲ್ಲ ನಾನು. ಮೊದಲ ನನ್ನ ಮುಳುಗಿಸ್ರಿ, ಆಮ್ಯಾಗ ಗದ್ದಿ ಮುಳುಗಿಸ್ರಿ!"

ಅವಳ ಕಣ್ಣುಗಳು ಕೆಂಪಗಿದ್ದವು. ನೀಲಕಂಠ ಟೊಪ್ಪಿಗೆ ತೆಗೆದ. ನಾಗರತ್ನಾ, ಮಠದ ಸ್ವಾಮಿಗಳು, ಬಜಾರಿನ ವರ್ತಕರು ಎಲ್ಲರೂ ಕಣ್ಣಮುಂದೆ ಸಾಲಾಗಿ ಬಂದು ನಿಂತರು. ಆದರೆ ಎಲ್ಲರಿಗಿಂತ ಮುಂದೆ ದೇವಕ್ಕ ನಿಂತಿದ್ದಳು.

"ಯವ್ವಾ, ಸರ್ವೇನೂ ಇಲ್ಲ, ಏನೂ ಇಲ್ಲ. ನಾನು ಶಹಾಪುರದಾಗ ಪಾತ್ರಿ ಮಾರಾಂವ. ಇದು ಗಾಳ. ನಾ ಮೀನ ಹಿಡ್ಯಾಕ ಬರ್ತೀನಿ."

ಮಹಾದೇವಪ್ಪ ದೊಡ್ಡದಾಗಿ ನಕ್ಕ. "ಸಾಹೇಬ್ರು ಚಾಷ್ಟಿ ಮಾಡ್ತಾರ. ಕೊರಳಾಗ ಲಿಂಗ ಕಾಣಾಕತ್ತೈತಿ, ಮೀನ ಹಿಡೀತಾರಂತ! ದೊಡ್ಡ ಆಫೀಸರು ಖರೇ ಸುದ್ದಿ ಎಲ್ಲಿ ಹೇಳ್ತಾರ?"

ಜನ ತಲೆಯಾಡಿಸಿದರು. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ನಿಜಕ್ಕೆ ಸಾಕ್ಷಿ ಕೇಳಿದರು.

"ಹಂಗಾರ ಹಿಡದ ತೋರಸ್ರಿ," ಎಂದಳು ದೇವಕ್ಕ.

ನೀಲಕಂಠ ಈವರೆಗೆ ಒಂದು ಮೀನನ್ನೂ ಹಿಡಿದಿರಲಿಲ್ಲ. ಇನಾಯತ ಗಡಿಬಿಡಿಯಿಂದ ಕೊಕ್ಕೆ ಕಟ್ಟಿ, ಭಜಿಯ ಹಿಟ್ಟನ್ನೇ ಉಂಡೆ ಮಾಡಿ ಚುಚ್ಚಿದ. ಸ್ಟ್ಯಾಂಡು ನೀರುಪಾಲಾಗಿದ್ದರಿಂದ ಕೋಲನ್ನು ಕೈಯಲ್ಲೇ ಹಿಡಿಯಬೇಕಾಯಿತು. ಊರೆಲ್ಲ ದಾರವನ್ನೇ ನೋಡುತ್ತ ಕೂತಿತು. ಯಾರೂ ಮಾತಾಡಲಿಲ್ಲ. ಅವನು ಇಷ್ಟು ದಿನ ಬಯಸಿದ್ದ ಮೌನ ಅದೇ, ಆದರೆ ಈಗ ಅದು ಅವನಿಗೆ ಬೇಡವಾಗಿತ್ತು. ಮೀನು ಬೀಳದಿದ್ದರೆ ದೇವಕ್ಕನ ನಿದ್ದೆ ಹೋದ ಹಾಗೆಯೇ.

ಬಹಳ ಹೊತ್ತಿನ ಮೇಲೆ ಕೋಲು ಬಿಲ್ಲಿನಂತೆ ಬಾಗಿತು. "ಶಿವಾ! ಶಿವಾ!" ಎಂದು ಕೂಗುತ್ತಲೇ ನೀಲಕಂಠ ಎಳೆದ. ಇನಾಯತ ಮೊಣಕಾಲುದ್ದ ನೀರಿಗಿಳಿದು ಬಲೆ ಒಡ್ಡಿದ. ತೋಳುದ್ದದ ರೋಹು ದಂಡೆಯ ಮೇಲೆ ಬಿದ್ದು ಪಟಪಟ ಒದ್ದಾಡಿತು. ನೀಲಕಂಠ ಮೀನಿಗೆ ಕೈಮುಗಿದ.

ಮಹಾದೇವಪ್ಪನ ಮುಖ ಕಪ್ಪಿಟ್ಟಿತು. "ಹಂಗಾರ ಇಷ್ಟ ದಿನ ನಾ ಹೊತ್ತದ್ದು ಗಾಳದ ಚೀಲಾ ಏನು?" ಎಂದವನಿಗೆ ಮರುಕ್ಷಣವೇ ಗುತ್ತಿಗೆಯ ನೆನಪಾಯಿತು. "ನನ್ನ ಕೆರ್ಯಾಗ ನನ್ನ ಮೀನ! ಕಳ್ಳ ಅದಾನ ಇವ, ಕಳ್ಳ!"

"ಕಳ್ಳನ ಚೀಲ ಹೊತ್ತು ತಂದಾಂವ ನೀನ ಅಲ್ಲೇನೋ?" ಎಂದು ಗುಂಪಿನಲ್ಲಿ ಯಾರೋ ಅಂದರು. ನಗೆ ಏರಿಯುದ್ದಕ್ಕೂ ಹಬ್ಬಿತು. ಹೋಟೆಲಿನಲ್ಲಿ ಭರವಸೆ ಪಡೆದವರು ಅವನನ್ನು ಸುತ್ತುಗಟ್ಟಿ ಲೆಕ್ಕ ಕೇಳತೊಡಗಿದಾಗ ಮಹಾದೇವಪ್ಪ ಮೀನನ್ನು ಎತ್ತಿಕೊಂಡು ಬೈಕಿನ ಕಡೆ ಓಡಿದ. ಇನಾಯತ ಮಾತ್ರ ಮೀನು ಕಣ್ಮರೆಯಾಗುವವರೆಗೆ ನೋಡುತ್ತ ನಿಂತ.

ಜನ ಚದುರಿದರು. ಬಕೆಟ್ಟನ್ನೂ ಯಾರೂ ಎತ್ತಲಿಲ್ಲ. ದೇವಕ್ಕ ಒಬ್ಬಳು ಹೋಗದೆ ನಿಂತಿದ್ದಳು.

"ತಪ್ಪಾತವ್ವ," ಎಂದ ನೀಲಕಂಠ.

"ತಪ್ಪಾತ ಅಂದ್ರ ಆತೇನ್ರಿ? ಗದ್ದಿ ಹೋದವರಿಗಿ ಸರಕಾರ ಪರಿಹಾರ ಕೊಡ್ತೈತಿ. ನಿದ್ದಿ ಹೋದದ್ದಕ್ಕ ನೀವು ಏನ ಕೊಡ್ತೀರಿ?" ಎಂದು ಸುತ್ತಲೂ ನೋಡಿದಳು. "ಆ ಛತ್ರಿ ಕೊಡ್ರಿ. ಆ ಕುರ್ಚಿನೂ ಕೊಡ್ರಿ. ಹಕ್ಕಿ ಕಾಯಾಕ ಕೂಡ್ತೀನಿ."

ಅವನು ಎರಡನ್ನೂ ತಾನೇ ಹೊತ್ತು ಅವಳ ಗದ್ದೆಯ ಬದುವಿನಲ್ಲಿ ಛತ್ರಿ ನೆಟ್ಟು, ಕುರ್ಚಿ ಇಟ್ಟು ಬಂದ. ಕಳೆದುಕೊಳ್ಳದ ಭೂಮಿಗೆ, ಅರ್ಜಿಯಿಲ್ಲದೆ, ನಿಂತ ನಿಲುವಿನಲ್ಲಿ ಪರಿಹಾರ ಪಡೆದವಳು ಆ ಸೀಮೆಯಲ್ಲಿ ದೇವಕ್ಕ ಒಬ್ಬಳೇ ಇರಬೇಕು.

ಮನೆಗೆ ಬಂದು ಅವನು ನಾಗರತ್ನಾಳಿಗೆ ಎಲ್ಲವನ್ನೂ ಹೇಳಿದ. ಅವಳು ಮೊದಲು ಅವನನ್ನು ಬಚ್ಚಲಿಗೆ ಕಳಿಸಿದಳು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದ ಮೇಲೆ ಕೇಳಿದಳು.

"ಮೀನ ತಿನ್ನಂಗಿಲ್ಲ, ಮಾರಂಗಿಲ್ಲ. ಅಲ್ಲಿ ಹೋಗಿ ಏನ ಮಾಡ್ತೀರಿ?"

"ಸುಮ್ಮನ ಕೂಡ್ತೀನಿ."

"ಸುಮ್ಮನ ಕೂಡಾಕ ಇಷ್ಟೆಲ್ಲಾ ಸಾಮಾನು ಯಾಕ ಬೇಕ್ರಿ?"

ನೀಲಕಂಠ ಬಹಳ ಯೋಚಿಸಿದ. "ಬರಿಗೈಲೆ ಸುಮ್ಮನ ಕುಂತ್ರ ಜನ ಏನಂತಾರ? ತಲಿ ಕೆಟ್ಟೈತಿ ಅಂತಾರ."

ನಾಗರತ್ನಾ ನಗಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಬಾಗಿಲಲ್ಲಿ ಹಾಲಿನವನು ಕೂಗಿದ, ಮೇಲಿನ ಮನೆಯವರ ಟಿವಿ ಕೂಗುತ್ತಲೇ ಇತ್ತು. ಅವಳು ಎದ್ದು ಕುಕ್ಕರನ್ನು ಇಳಿಸಿ ಬಂದಳು.

"ಮುಂದಿನ ಐತಾರ ನಾನೂ ಬರ್ತೀನಿ," ಎಂದಳು. "ಗಾಳ ಗೀಳ ಬ್ಯಾಡ. ನನಗೂ ಸುಮ್ಮನ ಕೂಡೂದು ಬೇಕಾಗೈತಿ."

ಭಾನುವಾರ ಗಂಡಹೆಂಡತಿ ಶಿರವಾಳದ ಕಡೆಯ ಕಾಲುವೆಗೆ ಹೊರಟರು. ಖಾಕಿ ಚೀಲ ಇನಾಯತನ ಅಂಗಡಿಯಲ್ಲೇ ಉಳಿಯಿತು. ಕಾರಿನಿಂದ ಇಳಿದವು ಒಂದು ಜಮಖಾನೆ, ಸಜ್ಜೆ ರೊಟ್ಟಿಯ ಬುಟ್ಟಿ, ಬದನೆಕಾಯಿ ಪಲ್ಲೆಯ ಡಬ್ಬಿ, ರೊಟ್ಟಿಗೆ ನೆಂಚಿಕೊಳ್ಳಲು ಶೇಂಗಾ ಹಿಂಡಿ, ಮೊಸರಿನ ಗಡಿಗೆ, ನೀರಿನ ಕೊಡ, ಎರಡು ದಿಂಬು ಮತ್ತು ಚಹಾ ಮಾಡಲು ಸಣ್ಣ ಒಲೆ. ಅವಳು ಸೆರಗು ಸಿಕ್ಕಿಸಿಕೊಂಡು ಕಾಲುವೆಯ ದಂಡೆಯುದ್ದಕ್ಕೂ ಕೈಬೀಸಿ ಮುಂದೆ ನಡೆದಳು. ನೀಲಕಂಠ ಜಮಖಾನೆಯನ್ನು ಹೆಗಲಿಗೇರಿಸಿ, ಕೊಡವನ್ನು ಒಂದು ಕೈಗೆ, ಬುಟ್ಟಿಯನ್ನು ಇನ್ನೊಂದು ಕೈಗೆ ಹಿಡಿದು, ಉಳಿದದ್ದಕ್ಕೆ ಇನ್ನೆಷ್ಟು ಸಲ ಬರಬೇಕಾದೀತೆಂದು ಎಣಿಸುತ್ತ ಅವಳ ಹಿಂದೆ ಹೊರಟ.