ಹನ್ನೊಂದು ಎಣಿಕೆ

ಖಲೀಲುಲ್ಲಾನ ಕಾಲಿಗೆ ಸುಮ್ಮನಿರುವುದೇ ಗೊತ್ತಿರಲಿಲ್ಲ. ಊಟದ ಮೇಜಿನ ಕೆಳಗೆ ಅದು ಕುಣಿಯುತ್ತಿದ್ದರೆ ಮೇಲೆ ಸಾರಿನ ಬಟ್ಟಲು ನಡುಗುತ್ತಿತ್ತು.

“ರೀ, ಆ ಕಾಲಿಗೆ ಒಂಚೂರು ಹೇಳ್ರಿ,” ಎಂದಳು ಹೆಂಡತಿ ಕುಲ್ಸುಂ. “ನಾಳಿನ ಕಾನ್ಸರ್ಟ್ ಮುಗಿಯೋತನಾ ಈ ಮನಿಯಾಗ ನೆಟ್ಟಗ ಊಟ ಇಲ್ಲೇನು?”

ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವನು ಎರಡು ವರ್ಷಗಳಿಂದ ಆ ಊರಿನ ಐವರ ಹಿತ್ತಾಳೆ ವಾದ್ಯಗಳ ಮೇಳದಲ್ಲಿ ಎರಡನೆಯ ಟ್ರಂಪೆಟ್ ನುಡಿಸುತ್ತಿದ್ದ. ಈ ಸಲ ಮೇಳದ ಮುಖ್ಯಸ್ಥೆ ಗುನಿಲ್ಲಾ ಆರಿಸಿದ್ದು ಈಗಿನ ಕಾಲದ ಚೆಕ್ ಸಂಯೋಜಕನೊಬ್ಬನ ಕೃತಿ. ಅದರ ಕಷ್ಟದ ಸ್ವರಗಳೆಲ್ಲ ಖಲೀಲನಿಗೆ ನೀರು ಕುಡಿದಷ್ಟು ಸಲೀಸು. ತೊಡಕೆಲ್ಲ ಸ್ವರವೇ ಇಲ್ಲದ ಕಡೆ. ನಡುವೆ ಒಂದೆಡೆ ಐವರೂ ಗಕ್ಕನೆ ನುಡಿಸುವುದನ್ನು ನಿಲ್ಲಿಸಬೇಕು. ನಿಧಾನವಾಗಿ ಮನಸ್ಸಿನಲ್ಲೇ ಹನ್ನೊಂದು ಎಣಿಸಬೇಕು. ಆಮೇಲೆ ಎರಡನೆಯ ಟ್ರಂಪೆಟ್ ಒಂದು ಮೆಲುದನಿ ತೆಗೆದು ಉಳಿದವರನ್ನು ಎಬ್ಬಿಸಬೇಕು. ಟ್ಯೂಬಾ ಎಂಬ ದೊಡ್ಡ ವಾದ್ಯದವನು ಮಾತ್ರ ನಾಲ್ವರ ಬೆನ್ನ ಹಿಂದೆ ಕೂರಬೇಕು ಎಂಬುದೂ ಆ ಸಂಯೋಜಕ ಪುಣ್ಯಾತ್ಮನ ಅಪ್ಪಣೆಯೇ.

ಖಲೀಲ ಒಮ್ಮೆಯೂ ಹನ್ನೊಂದು ಮುಟ್ಟಿರಲಿಲ್ಲ. ನಾಲ್ಕಕ್ಕೋ ಐದಕ್ಕೋ ಅವನ ಟ್ರಂಪೆಟ್ ಬಾಯಿಬಿಡುತ್ತಿತ್ತು. ಹೋದ ವಾರವಂತೂ ಆ ಖಾಲಿ ಜಾಗದಲ್ಲಿ ಮದುವೆ ಮೆರವಣಿಗೆಯ ಧಾಟಿಯ ತುಂಡೊಂದನ್ನೇ ಊದಿಬಿಟ್ಟಿದ್ದ. ಸ್ವೀಡನ್ನಿನವರು ಬೈಯುವುದಿಲ್ಲ, ಅದೇ ಪೇಚು. ಗುನಿಲ್ಲಾ ಅವನನ್ನು ಫೀಕಾಕ್ಕೆ, ಅಂದರೆ ಅಲ್ಲಿನವರ ಕಾಫಿ ಬಿಡುವಿಗೆ, ಕೂರಿಸಿಕೊಂಡು, ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನು ಮುಂದಿಟ್ಟು, ಶನಿವಾರವೂ ಹೀಗೇ ಆದರೆ ಆ ಕುರ್ಚಿಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ತೀರಾ ಮೆತ್ತಗೆ ಹೇಳಿದ್ದಳು. ಆ ಕುರ್ಚಿ ಹೋದರೆ ಈ ಊರಿನಲ್ಲಿ ಅವನಿಗೆ ಕೆಲಸವೊಂದು, ಮನೆಯೊಂದು, ಅಷ್ಟೇ.

“ಪಪ್ಪಾ, ಯು ಜಸ್ಟ್ ಡೂ ನಥಿಂಗ್,” ಎಂದಳು ಮಗಳು ನಾಯಿಲಾ, ಚಪಾತಿ ಹರಿಯುತ್ತ. “ಹೌ ಹಾರ್ಡ್ ಈಸ್ ಇಟ್?”

ಹುಡುಗಿಗೆ ಏನೆಂದು ಹೇಳುವುದು? ರಾಣೆಬೆನ್ನೂರಿನಲ್ಲಿ ಅವನ ಅಪ್ಪನದು ಬ್ಯಾಂಡ್‌ಸೆಟ್. ಮದುವೆಯ ಮೆರವಣಿಗೆ ಹೊರಟರೆ ಅಪ್ಪನದು ಒಂದೇ ಕಟ್ಟಪ್ಪಣೆ: “ಒಬ್ಬಾಂವ ಉಸಿರು ತಗೊಂಡ್ರ ಇನ್ನೊಬ್ಬಾಂವ ಹಿಡೀಬೇಕು. ಬೀಗರ ಬಾಗಲಾ ಮುಟ್ಟೋತನಾ ಸಪ್ಪಳ ನಿಂದ್ರಬಾರ್ದು. ಯಾರೂ ಹೊಳ್ಳಿ ನೋಡಬ್ಯಾಡ್ರಿ.” ದೊಡ್ಡ ವಾದ್ಯ ಹೊತ್ತ ಅಪ್ಪ ಸಾಲಿನ ಕೊನೆಯಲ್ಲಿ, ಖಲೀಲ ಮುಂದೆ. ಅವನ ಎಂಜಿನಿಯರಿಂಗ್ ಮುಗಿದ ವರ್ಷ, ಮೇ ತಿಂಗಳ ಬಿಸಿಲಿನಲ್ಲಿ, ಹಿಂದಿನಿಂದ ಅಪ್ಪನ ವಾದ್ಯದ ದನಿ ನಿಂತಿತು. ಉಸಿರು ತೆಗೆದುಕೊಳ್ಳುತ್ತಿರಬೇಕೆಂದು ಖಲೀಲ ಆ ಜಾಗವನ್ನು ತಾನೇ ತುಂಬಿದ. ಜನರ ಕೂಗನ್ನು ಕುಣಿಯುವವರ ಕೂಗೆಂದುಕೊಂಡ. ಬೀಗರ ಬಾಗಿಲಲ್ಲಿ ಊದುವುದು ನಿಲ್ಲಿಸಿ ತಿರುಗಿದಾಗ ಅಪ್ಪ ನೂರು ಹೆಜ್ಜೆ ಹಿಂದೆ ಟಾರಿನ ಮೇಲೆ ಬಿದ್ದಿದ್ದ. ಮುಖಕ್ಕೆ ನೀರು ಚಿಮುಕಿಸುತ್ತಿದ್ದವರೂ ಕೈ ಬಿಟ್ಟಿದ್ದರು.

ಇದು ಕುಲ್ಸುಂಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಸಭಾಂಗಣದಲ್ಲಿ ಎಪ್ಪತ್ತು ಜನ ಸೇರಿದ್ದರು. ಖಲೀಲನ ಬೆನ್ನ ಹಿಂದೆ ಟ್ಯೂಬಾ ತಬ್ಬಿ ಕೂತವನು ಬೆರ್ಟಿಲ್, ಎಪ್ಪತ್ತಾರರ ಮುದುಕ. ಕಾರ್ಖಾನೆಯ ಕುಲುಮೆಯ ಮುಂದೆ ನಲವತ್ತು ವರ್ಷ ದುಡಿದವನು, ಉಸಿರಾಡಿದರೆ ತಿದಿ ಒತ್ತಿದ ಹಾಗೆ ಸದ್ದಾಗುತ್ತಿತ್ತು.

ಆ ಜಾಗ ಬಂತು. ಐವರೂ ನುಡಿಸುವುದನ್ನು ನಿಲ್ಲಿಸಿದರು.

ಒಂದು. ಎರಡು. ಮೂರಕ್ಕೆ ಖಲೀಲನ ಕಾಲು ಶುರುವಾಯಿತು. ನಾಲ್ಕಕ್ಕೆ ಟ್ರಂಪೆಟ್ ತಾನಾಗಿ ತುಟಿಗೆ ಬಂತು. ಐದಕ್ಕೆ ಅವನು ಕಿವಿಗೊಟ್ಟ. ಹಿಂದೆ ಬೆರ್ಟಿಲ್‌ನ ಉಸಿರು ಕೇಳಿಸುತ್ತಿರಲಿಲ್ಲ. ಊದು, ತುಂಬು, ಎಂದವು ಬೆರಳುಗಳು. ತುಂಬಿದರೆ ಕುರ್ಚಿ ಹೋಗುತ್ತದೆ ಎಂಬುದು ಆಗ ಅವನ ತಲೆಯಲ್ಲೇ ಇರಲಿಲ್ಲ. ಟ್ರಂಪೆಟ್ ಇಳಿಸಿ, ಎಪ್ಪತ್ತು ಜನರೆದುರು ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ಹೊರಳಿ ನೋಡಿದ.

ಬೆರ್ಟಿಲ್ ಕೆಂಪಗೆ, ದುಂಡಗೆ, ಗಟ್ಟಿಮುಟ್ಟಾಗಿ ಕೂತಿದ್ದ. ಎಣಿಕೆ ತಪ್ಪದಿರಲೆಂದು ಉಸಿರು ಬಿಗಿಹಿಡಿದು ತುಟಿ ಮಾತ್ರ ಆಡಿಸುತ್ತಿದ್ದ. ಖಲೀಲನನ್ನು ಕಂಡು ಹುಬ್ಬೇರಿಸಿದನೇ ಹೊರತು ತುಟಿ ನಿಲ್ಲಿಸಲಿಲ್ಲ. ಖಲೀಲನ ಎಣಿಕೆ ಆಗಲೇ ತಪ್ಪಿಹೋಗಿತ್ತು, ಸ್ವೀಡಿಷ್ ಭಾಷೆಯಲ್ಲಿ ಎಣಿಸುತ್ತಿದ್ದ ಆ ತುಟಿಗಳನ್ನೇ ಅವನು ಓದಿದ. ನೀಯು, ಒಂಬತ್ತು. ತೀಯು, ಹತ್ತು. ಮುಂದಕ್ಕೆ ತಿರುಗಿದ. ಎಲ್ವಾ ಎನ್ನುವ ಹೊತ್ತಿಗೆ ಟ್ರಂಪೆಟ್ ಮೆಲ್ಲಗೆ ದನಿ ತೆಗೆಯಿತು, ಹಿಂದೆಯೇ ಬೆರ್ಟಿಲ್‌ನ ತಿದಿಯೂ ಬಿಚ್ಚಿಕೊಂಡಿತು.

ಮುಗಿದ ಮೇಲೆ ಗುನಿಲ್ಲಾ ಕೈಕುಲುಕಿದಳು. “ಹನ್ನೊಂದು ಸರಿಯಾಗಿತ್ತು. ಮುಂದಿನ ತಾಲೀಮು ಮಂಗಳವಾರ. ಆದರೆ ಹಿಂದೆ ತಿರುಗಬೇಕು ಅಂತ ಎಲ್ಲಿ ಬರೆದಿದೆ?”

“ಬೆರ್ಟಿಲ್ ಇದ್ದಾರಾ ಅಂತ ನೋಡಿದೆ,” ಎಂದ ಖಲೀಲ. ಎಲ್ಲರೂ ನಕ್ಕರು, ಬೆರ್ಟಿಲ್ ಎಲ್ಲರಿಗಿಂತ ಜೋರಾಗಿ.

ಕುಲ್ಸುಂ ನಗಲಿಲ್ಲ. ಹತ್ತಿರ ಬಂದು ಅವನ ಕೋಟಿನ ತೋಳು ಹಿಡಿದುಕೊಂಡಳು.

“ಇಪ್ಪತ್ತು ವರ್ಷ ತಡಾ ಆತು,” ಎಂದ ಅವನು. “ಹೊಳ್ಳಿ ನೋಡ್ದೆ.”